ಹಳೆಯ ಕಂಪ್ಯೂಟರಿನಲ್ಲಿ ವಿಡಿಯೊ ತಡವರಿಸಿದರೆ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ವಿಡಿಯೊ ತಡವರಿಸತೊಡಗಿದ ಕೂಡಲೇ ‘ಕಂಪ್ಯೂಟರಿಗೆ ವಯಸ್ಸಾಯಿತು, ಹೊಸದು ತೆಗೆದುಕೊಳ್ಳಿ’ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪು ಅಂದು ಎಚ್‌ಡಿ ವಿಡಿಯೊವನ್ನು ಸಲೀಸಾಗಿ ತೋರಿಸುತ್ತಿತ್ತು, ಮತ್ತು ಅದರ ಪ್ರೊಸೆಸರ್ ಇಂದಿಗೂ ಅಷ್ಟೇ ಲೆಕ್ಕ ಮಾಡಬಲ್ಲದು. ಬದಲಾಗಿರುವುದು ಬೇರೆ ಸಂಗತಿಗಳು: ಅಂತರಜಾಲದಲ್ಲಿ ವಿಡಿಯೊಗಳನ್ನು ಕುಗ್ಗಿಸಿ ಕಳುಹಿಸುವ ವಿಧಾನ ಬದಲಾಗಿದೆ, ಯಂತ್ರದೊಳಗೆ ಧೂಳು ಕೂತಿದೆ, ಹಾರ್ಡ್ ಡಿಸ್ಕ್ ಸವೆದಿದೆ, ಇಲ್ಲವೇ ವಿಂಡೋಸ್ ಮತ್ತೆ ಹಾಕಿದವರು ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ಚಿಪ್ಪನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ) ಹಾಕದೆ ಬಿಟ್ಟಿದ್ದಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲದ ಪರಿಹಾರವಿದೆ. ಯಾವ ಭಾಗ ಹಿಂದೆ ಬೀಳುತ್ತಿದೆ ಎಂದು ತಿಳಿಯುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂಬುದು ಈ ಬರಹದ ನಿಲುವು.

ಇಲ್ಲಿ ಮುಖ್ಯವಾಗಿ ಲಕ್ಷ್ಯದಲ್ಲಿರುವುದು 2010ರಿಂದ 2016ರ ನಡುವೆ ಬಂದ, ವಿಂಡೋಸ್ 10 ಓಡುವ, 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಮಾನ್ಯ ಲ್ಯಾಪ್‌ಟಾಪು. ನಮ್ಮ ಮನೆಗಳಲ್ಲಿ ಮಕ್ಕಳ ಓದಿಗೂ ಹಿರಿಯರ ಯಕ್ಷಗಾನ, ಸಂಗೀತ ಕಛೇರಿಗಳಿಗೂ ಇಂದಿಗೂ ದುಡಿಯುತ್ತಿರುವುದು ಬಹುಮಟ್ಟಿಗೆ ಇದೇ. ಡೆಸ್ಕ್‌ಟಾಪಿಗೂ ಇಲ್ಲಿನ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಆರಂಭಿಸುವ ಮುನ್ನ

ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಆದಾಗಲೂ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದುಕೊಂಡು ಮರುದಿನ ಹಾಗೆಯೇ ಎದ್ದುಬರುತ್ತದೆ, ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ನಂತರ ಚಾರ್ಜರ್ ಜೋಡಿಸಿ, ಬೇರೆ ಟ್ಯಾಬ್‌ಗಳನ್ನು ಮುಚ್ಚಿ, ವಿಂಡೋಸ್ ಅಪ್‌ಡೇಟ್ ಅಥವಾ ಆ್ಯಂಟಿವೈರಸ್ ಸ್ಕ್ಯಾನ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾದು, ಅದೇ ವಿಡಿಯೊವನ್ನು ಮತ್ತೆ ನೋಡಿ. ಎಷ್ಟೋ ದೂರುಗಳು ಇಷ್ಟಕ್ಕೇ ಮುಗಿಯುತ್ತವೆ.

ಮುಗಿಯದಿದ್ದರೆ ಒಂದು ಪರೀಕ್ಷೆ ಅಗತ್ಯ. ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ವಿಡಿಯೊವನ್ನು, ಅದು 4ಕೆ ಅಲ್ಲದ 1080ಪಿ (ಎತ್ತರದಲ್ಲಿ 1080 ಚುಕ್ಕೆಗಳ ಚಿತ್ರ) ಆಗಿರಲಿ, ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿಗೆ ನಕಲು ಮಾಡಿ ವಿಎಲ್‌ಸಿ ಪ್ಲೇಯರಿನಲ್ಲಿ ಓಡಿಸಿ. ಅದು ನಯವಾಗಿ ಓಡಿ ಯೂಟ್ಯೂಬ್ ಮಾತ್ರ ತಡವರಿಸಿದರೆ ದೋಷ ಅಂತರಜಾಲ ಸಂಪರ್ಕದಲ್ಲಿ, ಬ್ರೌಸರಿನಲ್ಲಿ ಅಥವಾ ಯೂಟ್ಯೂಬ್ ಕಳುಹಿಸುವ ವಿಡಿಯೊದ ರೂಪದಲ್ಲಿದೆ. ಎರಡೂ ತಡವರಿಸಿದರೆ ಡ್ರೈವರ್, ಬಿಸಿ, ಡಿಸ್ಕ್ ಇವುಗಳ ಕಡೆಗೆ ನೋಡಬೇಕು. ಈ ಒಂದು ಭೇದ ಗೊತ್ತಾದರೆ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

‘ಸ್ಪೀಡ್ ಬೂಸ್ಟರ್’, ‘ಡ್ರೈವರ್ ಅಪ್‌ಡೇಟರ್’, ‘ಕೋಡೆಕ್ ಪ್ಯಾಕ್’ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುವ ತಂತ್ರಾಂಶಗಳನ್ನು ಈ ಹಂತದಲ್ಲಿ ಹಾಕಿಕೊಳ್ಳಬೇಡಿ. ಅವುಗಳಲ್ಲಿ ಹಲವು ಹಿನ್ನೆಲೆಯಲ್ಲಿ ಓಡುತ್ತಾ, ಯಂತ್ರಕ್ಕಿರುವ ಶಕ್ತಿಯನ್ನೂ ತಿನ್ನುತ್ತವೆ, ಕೆಲವು ತಪ್ಪು ಡ್ರೈವರ್ ಹಾಕಿ ಸರಿಯಿದ್ದುದನ್ನೂ ಕೆಡಿಸುತ್ತವೆ.

ಲಕ್ಷಣ: ಚಿತ್ರ ನಿಂತು ಪರದೆಯ ನಡುವೆ ಚಕ್ರ ಸುತ್ತುತ್ತದೆ, ಧ್ವನಿಯೂ ನಿಲ್ಲುತ್ತದೆ

ಇದು ಬಹುತೇಕ ಸಂಪರ್ಕದ ದೋಷ, ಕಂಪ್ಯೂಟರಿನದ್ದಲ್ಲ. ಮುಂದಿನ ಭಾಗ ಇನ್ನೂ ಬಂದಿಲ್ಲವೆಂದು ಚಕ್ರ ಹೇಳುತ್ತಿದೆ. 1080ಪಿ ವಿಡಿಯೊ ನೋಡಲು ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ವೇಗ ಬೇಕೆಂದು ಲೆಕ್ಕ ಹಿಡಿಯಬಹುದು. ವಿಡಿಯೊದ ಗುಣಮಟ್ಟವನ್ನು 480ಪಿಗೆ ಇಳಿಸಿ ನೋಡಿ. ಚಕ್ರ ಮಾಯವಾದರೆ ನಿರ್ಣಯ ಖಚಿತವಾಯಿತು. ಹಳೆಯ ಲ್ಯಾಪ್‌ಟಾಪುಗಳ ವೈಫೈ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಅಕ್ಕಪಕ್ಕದ ಎಲ್ಲ ಮನೆಗಳ ರೂಟರುಗಳೂ, ಬ್ಲೂಟೂತ್ ಸಾಧನಗಳೂ, ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತಿರುತ್ತವೆ. ಲ್ಯಾಪ್‌ಟಾಪನ್ನು ರೂಟರಿನ ಪಕ್ಕಕ್ಕೆ ಒಯ್ದು, ಸಾಧ್ಯವಾದರೆ ಲ್ಯಾನ್ ಕೇಬಲ್ ಚುಚ್ಚಿ ನೋಡಿ. ಕೇಬಲಿನಲ್ಲೂ ನಿಂತರೆ ಸೇವೆ ಒದಗಿಸುವವರಿಗೆ ದೂರು ಕೊಡಬೇಕು; ಕೇಬಲಿನಲ್ಲಿ ಸರಿಯಾದರೆ ಕೆಲವು ನೂರು ರೂಪಾಯಿಯ ಎರಡು ಪಟ್ಟಿಯ ಯುಎಸ್‌ಬಿ ವೈಫೈ ಸಾಧನ ಸಾಕಾಗುತ್ತದೆ. ಆದರೆ ಅದು 5 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡಲು ರೂಟರೂ ಆ ಪಟ್ಟಿಯದ್ದಾಗಿರಬೇಕು.

ಲಕ್ಷಣ: ಚಕ್ರವಿಲ್ಲ, ಧ್ವನಿ ಸರಾಗವಾಗಿದೆ, ಚಿತ್ರ ಮಾತ್ರ ಮುಗ್ಗರಿಸುತ್ತದೆ

ಹಳೆಯ ಕಂಪ್ಯೂಟರುಗಳ ನಿಜವಾದ ಕಷ್ಟ ಇಲ್ಲಿದೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ವಿಡಿಯೊ ಎಂದರೆ ಸೆಕೆಂಡಿಗೆ 25, 30 ಅಥವಾ 60 ಸ್ಥಿರಚಿತ್ರಗಳು, ಅಂದರೆ ಫ್ರೇಮುಗಳು. 1080ಪಿ ಫ್ರೇಮಿನಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ಇವನ್ನು ಇದ್ದಂತೆಯೇ ಕಳುಹಿಸಲು ಮನೆಯ ಸಾಮಾನ್ಯ ಸಂಪರ್ಕ ಸಾಲದು; ಆದ್ದರಿಂದ ಕೋಡೆಕ್ ಎಂಬ ಗಣಿತದ ವಿಧಾನದಿಂದ ಕುಗ್ಗಿಸಿ ಕಳುಹಿಸಿ, ನಮ್ಮ ಕಂಪ್ಯೂಟರಿನಲ್ಲಿ ಬಿಡಿಸಲಾಗುತ್ತದೆ. 60 ಫ್ರೇಮಿನ ವಿಡಿಯೊದಲ್ಲಿ ಒಂದೊಂದು ಫ್ರೇಮನ್ನು ಬಿಡಿಸಲು ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಅಷ್ಟರೊಳಗೆ ಮುಗಿಯದ ಫ್ರೇಮನ್ನು ಪ್ಲೇಯರು ಕೈಬಿಡುತ್ತದೆ, ಏಕೆಂದರೆ ಧ್ವನಿಯನ್ನು ನಿಲ್ಲಿಸುವಂತಿಲ್ಲ. ಕಣ್ಣಿಗೆ ಕಾಣುವ ಮುಗ್ಗರಿಕೆ ಎಂದರೆ ಹೀಗೆ ಕೈಬಿಟ್ಟ ಫ್ರೇಮುಗಳು.

ಈ ಬಿಡಿಸುವ ಕೆಲಸವನ್ನು ಇಬ್ಬರಲ್ಲಿ ಒಬ್ಬರು ಮಾಡಬೇಕು: ಗ್ರಾಫಿಕ್ಸ್ ಚಿಪ್ಪಿನೊಳಗೆ ಅದಕ್ಕೆಂದೇ ಮಾಡಿಟ್ಟ ಮಂಡಲ (ಸರ್ಕ್ಯೂಟ್), ಇಲ್ಲವೇ ಪ್ರೊಸೆಸರ್. ಮೊದಲನೆಯದು ಕಡಿಮೆ ವಿದ್ಯುತ್ತಿನಲ್ಲಿ, ಬಿಸಿಯಾಗದೆ ಮಾಡಿ ಮುಗಿಸುತ್ತದೆ. ಆದರೆ ತಾನು ತಯಾರಾದ ಕಾಲದ ಕೋಡೆಕ್ಕುಗಳನ್ನು ಮಾತ್ರ ಅದು ಬಲ್ಲದು. 2003ರಲ್ಲಿ ಬಂದ ಎಚ್.264 ಕೋಡೆಕ್ಕನ್ನು 2011ರಿಂದೀಚಿನ ಇಂಟೆಲ್ ಕೋರ್ ಪ್ರೊಸೆಸರುಗಳ ಗ್ರಾಫಿಕ್ಸ್ ನಿರಾಯಾಸವಾಗಿ ಬಿಡಿಸುತ್ತದೆ. ಎಚ್.265 ಅಥವಾ ಹೆವಿಸಿ ಎಂಬುದಕ್ಕೆ 2015ರ 6ನೇ ತಲೆಮಾರು ಬೇಕು. ಗೂಗಲ್‌ನ ವಿಪಿ9 ಪೂರ್ಣವಾಗಿ ಯಂತ್ರದಲ್ಲೇ ಬಿಡಿಸಿಕೊಳ್ಳುವುದು 7ನೇ ತಲೆಮಾರಿನಿಂದ. 2018ರಲ್ಲಿ ಬಂದ ಎವಿ1 ಕೋಡೆಕ್ಕಿಗೆ 2020ರ 11ನೇ ತಲೆಮಾರಿನವರೆಗೆ ಕಾಯಬೇಕಾಯಿತು. ಯೂಟ್ಯೂಬ್ ಇಂದು ಬ್ರೌಸರಿಗೆ ಸಾಮಾನ್ಯವಾಗಿ ಕಳುಹಿಸುವುದು ವಿಪಿ9 ಅಥವಾ ಎವಿ1. ಅಂದರೆ 2012ರ ಲ್ಯಾಪ್‌ಟಾಪಿನ ವಿಡಿಯೊ ಮಂಡಲ ಕೆಲಸವಿಲ್ಲದೆ ಸುಮ್ಮನೆ ಕೂತಿರುತ್ತದೆ. ಎಲ್ಲ ಭಾರವೂ ಪ್ರೊಸೆಸರಿನ ಮೇಲೆ ಬೀಳುತ್ತದೆ. ಯಂತ್ರ ಸೋತಿದ್ದಕ್ಕೆ ವಯಸ್ಸಿಗಿಂತ ಅದಕ್ಕೆ ಗೊತ್ತಿಲ್ಲದ ಭಾಷೆಯ ವಿಡಿಯೊ ಬಂದದ್ದೇ ಕಾರಣ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಯೂಟ್ಯೂಬ್ ವಿಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬುದನ್ನು ಆರಿಸಿ. ಮೂಲೆಯಲ್ಲಿ ಸಣ್ಣ ಅಕ್ಷರದ ಕಪ್ಪು ಫಲಕವೊಂದು ತೆರೆಯುತ್ತದೆ. ಅದರಲ್ಲಿ ‘ಕೋಡೆಕ್ಸ್’ ಎಂಬ ಸಾಲಿನಲ್ಲಿ ಎವಿಸಿ1 ಎಂದಿದ್ದರೆ ಎಚ್.264, ವಿಪಿ09 ಎಂದಿದ್ದರೆ ವಿಪಿ9, ಎವಿ01 ಎಂದಿದ್ದರೆ ಎವಿ1. ‘ಫ್ರೇಮ್ಸ್’ ಎಂಬ ಸಾಲಿನಲ್ಲಿ ಇಷ್ಟರಲ್ಲಿ ಇಷ್ಟು ಕೈಬಿಟ್ಟಿತು ಎಂಬ ಲೆಕ್ಕ ಓಡುತ್ತಿರುತ್ತದೆ. ವಿಡಿಯೊ ಆರಂಭವಾಗುವಾಗ ಅಥವಾ ಪರದೆ ದೊಡ್ಡದು ಮಾಡಿದಾಗ ಕೆಲವು ಫ್ರೇಮುಗಳು ಬೀಳುವುದು ಸಹಜ. ನೋಡನೋಡುತ್ತಿದ್ದಂತೆ ಆ ಸಂಖ್ಯೆ ಎಡೆಬಿಡದೆ ಏರುತ್ತಿದ್ದರೆ ಬಿಡಿಸುವ ಕೆಲಸ ಹಿಂದೆ ಬೀಳುತ್ತಿದೆ ಎಂದರ್ಥ. ಅದೇ ಫಲಕದ ‘ಬಫರ್ ಹೆಲ್ತ್’ (ಮುಂದೆ ಎಷ್ಟು ಸೆಕೆಂಡಿನ ವಿಡಿಯೊ ಈಗಾಗಲೇ ಬಂದಿದೆ ಎಂಬ ಲೆಕ್ಕ) ಹತ್ತಾರು ಸೆಕೆಂಡು ತೋರಿಸುತ್ತಿದ್ದು ಫ್ರೇಮುಗಳು ಬೀಳುತ್ತಿದ್ದರೆ ಸಂಪರ್ಕವನ್ನು ದೂರುವುದು ಅನ್ಯಾಯ.

ಈಗ ಪರಿಹಾರಗಳನ್ನು ಅಗ್ಗದ ಕ್ರಮದಲ್ಲಿ ಮಾಡುತ್ತಾ ಹೋಗಿ. ಗುಣಮಟ್ಟವನ್ನು 720ಪಿಗೆ ಇಳಿಸಿ. 1080ಪಿಗೆ ಹೋಲಿಸಿದರೆ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆ, ಮತ್ತು 1366×768 ಪರದೆಯ ಲ್ಯಾಪ್‌ಟಾಪಿನಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣುವುದಿಲ್ಲ. ಗುಣಮಟ್ಟದ ಪಟ್ಟಿಯಲ್ಲಿ 720ಪಿ60 ಎಂದಿದ್ದರೆ ಅದು 60 ಫ್ರೇಮಿನದು. ಅಲ್ಲಿ 480ಪಿಗೆ ಇಳಿದರೆ ಫ್ರೇಮುಗಳೂ 30ಕ್ಕೆ ಇಳಿಯುತ್ತವೆ. ಎರಡನೆಯದಾಗಿ ಯೂಟ್ಯೂಬ್ ಖಾತೆಯ ಪ್ಲೇಬ್ಯಾಕ್ ಸೆಟ್ಟಿಂಗಿನಲ್ಲಿ ಎವಿ1 ಕುರಿತ ಆಯ್ಕೆ ಇದ್ದರೆ ‘ಪ್ರಿಫರ್ ಎವಿ1 ಫಾರ್ ಎಸ್‌ಡಿ’ ಎಂದಿಡಿ. ಎತ್ತರದ ಗುಣಮಟ್ಟಗಳಿಗೆ ಎವಿ1 ಬರುವುದು ತಪ್ಪುತ್ತದೆ. ಮೂರನೆಯದು ಎಲ್ಲಕ್ಕಿಂತ ಪರಿಣಾಮಕಾರಿ: ಎಚ್264ಐಫೈ ಎಂಬ ಹೆಸರಿನ, ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶವಾದ ಎಕ್ಸ್‌ಟೆನ್ಷನ್ ಹಾಕಿದರೆ ‘ಈ ಬ್ರೌಸರಿಗೆ ವಿಪಿ9, ಎವಿ1 ಬರುವುದಿಲ್ಲ’ ಎಂದು ಅದು ಯೂಟ್ಯೂಬಿಗೆ ತಿಳಿಸುತ್ತದೆ, ಯೂಟ್ಯೂಬ್ ಎಚ್.264 ಕಳುಹಿಸುತ್ತದೆ. 1080ಪಿಗಿಂತ ಹೆಚ್ಚಿನ ಗುಣಮಟ್ಟ ಆಗ ಸಿಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಅದು ನಷ್ಟವಲ್ಲ. ಬ್ರೌಸರಿನ ಅಧಿಕೃತ ಅಂಗಡಿಯಿಂದ ಮಾತ್ರ ಹಾಕಿಕೊಳ್ಳಿ.

ಎಕ್ಸ್‌ಟೆನ್ಷನ್ ಹಾಕಿದ ಮೇಲೂ ಫ್ರೇಮುಗಳು ಬಿದ್ದರೆ ಬ್ರೌಸರು ಗ್ರಾಫಿಕ್ಸ್ ಚಿಪ್ಪನ್ನು ಬಳಸುತ್ತಿದೆಯೇ ನೋಡಬೇಕು. ಕ್ರೋಮಿನ ಸೆಟ್ಟಿಂಗ್ಸ್, ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಷನ್ ಬಳಸುವ ಆಯ್ಕೆ ಚಾಲ್ತಿಯಲ್ಲಿರಲಿ. ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಎಂಬುದು ಇದ್ದರೆ ಅದನ್ನು ನೋಡಿ. ವಿಡಿಯೊ ಓಡುವಾಗ ‘ವಿಡಿಯೊ ಡಿಕೋಡ್’ ಎಂಬ ನಕ್ಷೆ ಮೇಲೆದ್ದು ಸಿಪಿಯು, ಅಂದರೆ ಪ್ರೊಸೆಸರಿನ ಬಳಕೆ, ಕೆಳಗಿಳಿದರೆ ಕೆಲಸ ಸರಿಯಾದವರ ಕೈಗೆ ಹೋಗಿದೆ. ಕೆಲವು ಹಳೆಯ ಡ್ರೈವರುಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಆ್ಯಕ್ಸಿಲರೇಷನ್ ಚಾಲ್ತಿಯಲ್ಲಿದ್ದಾಗ ಹಸಿರು ಪಟ್ಟಿಗಳು, ಕಪ್ಪು ಪರದೆ, ಮಿಣುಕಾಟ ಕಾಣುತ್ತವೆ. ಅಂಥಲ್ಲಿ ಅದನ್ನು ಆಫ್ ಮಾಡಿ 480ಪಿಯಲ್ಲಿ ತೃಪ್ತಿಪಡುವುದೇ ಸರಿ.

ಕೋರ್ 2 ಡ್ಯುಯೊ ಮತ್ತು ಹಳೆಯ ಆ್ಯಟಮ್ ಪ್ರೊಸೆಸರಿನ ಯಂತ್ರಗಳಿಗೆ ಇಷ್ಟು ನಿರೀಕ್ಷೆ ಇಡಬಾರದು. ಇಂದಿನ ಬ್ರೌಸರುಗಳು ಅವುಗಳ ಗ್ರಾಫಿಕ್ಸನ್ನು ನೆಚ್ಚಿಕೊಳ್ಳುವುದಿಲ್ಲ. ಎಚ್.264, 480ಪಿ ಎಂಬುದು ಅವುಗಳ ಸಹಜ ಮಿತಿ. ವಿಂಡೋಸ್ 7ರಲ್ಲೇ ಉಳಿದವರಿಗೆ ಇನ್ನೊಂದು ತೊಡಕು: 2023ರ ಆರಂಭದಲ್ಲಿ ಬಂದ 109ನೇ ಆವೃತ್ತಿಯೇ ಅವರಿಗೆ ಕ್ರೋಮಿನ ಕೊನೆಯದು, ಅದಕ್ಕೆ ಭದ್ರತೆಯ ತಿದ್ದುಪಡಿಗಳು ಬರುತ್ತಿಲ್ಲ, ಅಂಥ ಬ್ರೌಸರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

ಲಕ್ಷಣ: ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ಎಲ್ಲ ವಿಡಿಯೊಗಳೂ ತಡವರಿಸುತ್ತಿವೆ

ವಿಂಡೋ ಒಂದನ್ನು ಹಿಡಿದು ಎಳೆದರೂ ಅದು ತುಂಡುತುಂಡಾಗಿ ಸರಿಯುತ್ತದೆಯೇ? ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬರುತ್ತಿಲ್ಲವೇ? ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ದೋಷ ಸಿಕ್ಕಿತು. ಗ್ರಾಫಿಕ್ಸ್ ಡ್ರೈವರ್ ಇಲ್ಲದಿರುವುದರಿಂದ ಪರದೆಯ ಪ್ರತಿ ಚುಕ್ಕೆಯನ್ನೂ ಪ್ರೊಸೆಸರೇ ಬರೆಯುತ್ತಿದೆ. ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆ ಅಥವಾ ಸರ್ವಿಸ್ ಟ್ಯಾಗನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು, ಅಲ್ಲಿ ಸಿಗುವ ಗ್ರಾಫಿಕ್ಸ್ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ಹಾಕಿ. ವಿಂಡೋಸ್ 10ಕ್ಕೆಂದು ಡ್ರೈವರ್ ಇಲ್ಲದಿದ್ದರೆ ವಿಂಡೋಸ್ 8.1ಕ್ಕೆ ಕೊಟ್ಟಿರುವುದು ಹಲವು ಬಾರಿ ಕೆಲಸ ಮಾಡುತ್ತದೆ. ಹಾಕುವ ಮೊದಲು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡರೆ ಪರದೆ ಕಪ್ಪಾದರೂ ಹಿಂದಿನ ಸ್ಥಿತಿಗೆ ಮರಳಬಹುದು. ಎಲ್ಲ ದೋಷಗಳ ಪೈಕಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವುದು ಬೇರೊಂದಿಲ್ಲ.

ಲಕ್ಷಣ: ಒಂದು ಫೈಲು ಮಾತ್ರ ತಡವರಿಸುತ್ತದೆ, ಉಳಿದವು ಸರಿ

ವಿಎಲ್‌ಸಿಯಲ್ಲಿ ಆ ಫೈಲನ್ನು ತೆರೆದು, ಟೂಲ್ಸ್ ಪಟ್ಟಿಯ ‘ಕೋಡೆಕ್ ಇನ್‌ಫರ್ಮೇಷನ್’ ನೋಡಿ. ಹೆವಿಸಿ ಎಂದಿದ್ದು 3840×2160 ಎಂಬ ಅಳತೆ ಕಂಡರೆ, ಹೊಸ ಮೊಬೈಲಿನಲ್ಲಿ ತೆಗೆದ 4ಕೆ ವಿಡಿಯೊ ಅದು. 6ನೇ ತಲೆಮಾರಿಗಿಂತ ಹಳೆಯ ಯಂತ್ರಕ್ಕೆ ಅದನ್ನು ನೇರವಾಗಿ ನಯವಾಗಿ ಓಡಿಸುವುದು ಕಷ್ಟ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಚ್.264, 720ಪಿ ರೂಪಕ್ಕೆ ಪರಿವರ್ತಿಸಿ. ಹಳೆಯ ಯಂತ್ರದಲ್ಲಿ ಈ ಪರಿವರ್ತನೆಗೆ ವಿಡಿಯೊದ ಉದ್ದಕ್ಕಿಂತ ಎಷ್ಟೋ ಪಟ್ಟು ಸಮಯ ಹಿಡಿಯುತ್ತದೆ, ಯಂತ್ರವೂ ಚೆನ್ನಾಗಿ ಬಿಸಿಯಾಗುತ್ತದೆ. ರಾತ್ರಿಯಿಡೀ ಬಿಡುವುದಾದರೆ ಹಾಸಿಗೆಯ ಮೇಲಲ್ಲ, ಮೇಜಿನ ಮೇಲೆ ಇಡಿ. ಮೂಲ ಫೈಲನ್ನು ಅಳಿಸಬೇಡಿ. ಮುಂದೆ ತೆಗೆಯುವ ವಿಡಿಯೊಗಳಿಗಾಗಿ ಮೊಬೈಲಿನ ಕ್ಯಾಮೆರಾ ಸೆಟ್ಟಿಂಗನ್ನೇ 1080ಪಿ, ಎಚ್.264 ಎಂದು ಬದಲಿಸಿಟ್ಟರೆ ಈ ಕೆಲಸವೇ ಬೇಡ.

ಮದುವೆ, ಉಪನಯನಗಳ ಹಳೆಯ ಡಿವಿಡಿಗಳ ವಿಷಯ ಬೇರೆ. ಕೈ ಬೀಸಿದಾಗ, ಆರತಿ ತಟ್ಟೆ ತಿರುಗಿದಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಕಂಡರೆ ಅದು ಕಂಪ್ಯೂಟರಿನ ನಿಧಾನವಲ್ಲ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳನ್ನು ಬೆಸ ಗೆರೆಗಳ ಅರ್ಧ, ಸಮ ಗೆರೆಗಳ ಅರ್ಧ ಎಂದು 50 ತುಣುಕುಗಳಾಗಿ ಬರೆಯಲಾಗುತ್ತಿತ್ತು. ಆ ಎರಡು ಅರ್ಧಗಳು ಬೇರೆ ಬೇರೆ ಗಳಿಗೆಯವು. ವಿಎಲ್‌ಸಿಯ ವಿಡಿಯೊ ಪಟ್ಟಿಯಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿ, ವಿಧಾನವನ್ನು ‘ಯಾಡಿಫ್ 2ಎಕ್ಸ್’ ಎಂದಿಟ್ಟರೆ ಚಲನೆ ಟಿವಿಯಲ್ಲಿದ್ದಷ್ಟೇ ನಯವಾಗುತ್ತದೆ. ಅದು ಭಾರವೆನಿಸಿದರೆ ‘ಬಾಬ್’ ಸಾಕು. ಡಿವಿಡಿಯಿಂದಲೇ ಓಡಿಸುವಾಗ ಡ್ರೈವ್ ಗರಗರ ಎನ್ನುತ್ತಾ ಚಿತ್ರ ನಿಂತರೆ ಡಿವಿಡಿಯ ಮೇಲೆ ಗೀರು ಅಥವಾ ಕೊಳೆ ಇರಬಹುದು. ಮೃದುವಾದ ಬಟ್ಟೆಯಿಂದ ಒಳಗಿನಿಂದ ಹೊರಗೆ ನೇರವಾಗಿ ಒರಸಿ, ತಡಮಾಡದೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮನೆಯಲ್ಲಿ ಬರೆದ ಡಿವಿಡಿಗಳು ಕಾಲಕ್ರಮೇಣ ಓದಲು ಬಾರದಂತಾಗುತ್ತವೆ, ಮತ್ತು ಈಗ ನಮ್ಮೊಂದಿಗಿಲ್ಲದ ಅಜ್ಜ ಅಜ್ಜಿಯರ ನಡೆನುಡಿ ಉಳಿದಿರುವುದು ಹಲವು ಮನೆಗಳಲ್ಲಿ ಅವುಗಳಲ್ಲೇ.

ಲಕ್ಷಣ: ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ತಡವರಿಸುತ್ತದೆ

ಫ್ಯಾನಿನ ಸದ್ದು ಏರುತ್ತಾ ಹೋಗಿ, ಕೀಬೋರ್ಡಿನ ಒಂದು ಬದಿ ಬಿಸಿಯಾಗಿ, ಅದೇ ಹೊತ್ತಿಗೆ ಚಿತ್ರ ಮುಗ್ಗರಿಸತೊಡಗಿದರೆ ಕಾರಣ ಶಾಖ. ಪ್ರೊಸೆಸರ್ ತನ್ನ ಗರಿಷ್ಠ ತಾಪಕ್ಕೆ, ಅಂದರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ 95ರಿಂದ 105 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಬಂದಾಗ, ಸುಟ್ಟುಹೋಗದಿರಲು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಸ್ಪೀಡ್’ ಎಂಬಲ್ಲಿ ಕಣ್ಣಿಡಿ. ತಡವರಿಕೆ ಆರಂಭವಾದಾಗ 2.4 ಗಿಗಾಹರ್ಟ್ಸ್ ಇದ್ದದ್ದು 1.2ಕ್ಕೆ ಕುಸಿದರೆ ನಿರ್ಣಯ ಸಿದ್ಧ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶ ತಾಪವನ್ನು ಅಂಕಿಯಲ್ಲೇ ತೋರಿಸುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ದಾಟಿರುವಾಗ, ಚಳಿಗಾಲದಲ್ಲಿ ಸರಿಯಿದ್ದ ಯಂತ್ರವೂ ಈ ಮಿತಿ ಮುಟ್ಟುತ್ತದೆ.

ಮೊದಲು ಲ್ಯಾಪ್‌ಟಾಪನ್ನು ದಿಂಬು, ಹಾಸಿಗೆ, ತೊಡೆಯಿಂದ ಎತ್ತಿ ಗಟ್ಟಿ ಮೇಜಿನ ಮೇಲಿಟ್ಟು, ಹಿಂದಿನ ಅಂಚಿಗೆ ಎರಡು ಪುಸ್ತಕ ಕೊಟ್ಟು ನೋಡಿ. ಸ್ವಲ್ಪವಾದರೂ ಸುಧಾರಿಸಿದರೆ ಒಳಗೆ ಶುಚಿ ಮಾಡಬೇಕು. ಹಲವು ವರ್ಷ ತೆರೆಯದ ಲ್ಯಾಪ್‌ಟಾಪಿನ ಫ್ಯಾನನ್ನು ಬಿಚ್ಚಿದರೆ, ಅದಕ್ಕೂ ತಾಮ್ರದ ಹೀಟ್ ಸಿಂಕಿನ ತೆಳು ಹಾಳೆಗಳಿಗೂ ನಡುವೆ ಧೂಳು, ಕೂದಲು, ಬಟ್ಟೆಯ ನೂಲು ಸೇರಿ ಬೂದು ಬಣ್ಣದ ಕಂಬಳಿಯ ತುಂಡಿನಂತೆ ಗಟ್ಟಿ ಪದರ ಕೂತಿರುತ್ತದೆ. ಹೊರಗಿನಿಂದ ಎಷ್ಟು ಊದಿದರೂ ಅದು ಹೋಗುವುದಿಲ್ಲ, ಚಿಮಟದಿಂದ ಹಿಡಿದು ಎತ್ತಿದರೆ ಇಡಿಯಾಗಿ ಈಚೆ ಬರುತ್ತದೆ. ಜೊತೆಗೆ ಪ್ರೊಸೆಸರಿನ ಮೇಲಿನ ಶಾಖ ಸಾಗಿಸುವ ಲೇಪ, ಅಂದರೆ ಥರ್ಮಲ್ ಪೇಸ್ಟ್, ಒಣಗಿ ಪುಡಿಯಾಗಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಾಕಬೇಕು.

ತೆರೆಯುವವರು ಈ ಎಚ್ಚರಿಕೆಗಳನ್ನು ಪಾಲಿಸಲೇಬೇಕು. ಚಾರ್ಜರ್ ತೆಗೆದು, ಬ್ಯಾಟರಿಯನ್ನು ಬೇರ್ಪಡಿಸಿದ ಮೇಲೆಯೇ ಒಳಗೆ ಕೈ ಹಾಕಿ. ಗಾಳಿ ಊದುವಾಗ ಫ್ಯಾನನ್ನು ಕಡ್ಡಿಯಿಂದ ತಡೆದು ಹಿಡಿಯಿರಿ. ಅತಿ ವೇಗವಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಕೊಳವೆಯಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ತು ಚಿಪ್ಪುಗಳಿಗೆ ಅಪಾಯ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ) ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ವಿದ್ಯುತ್ ಉಳಿದಿರಬಹುದು. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದು ಒತ್ತಲು ಬರದಿದ್ದರೆ, ಬ್ಯಾಟರಿ ಊದಿಕೊಂಡಿದೆ. ಅಲ್ಲಿಗೆ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ವಸ್ತುಗಳಿಂದ ದೂರವಿಟ್ಟು ಸರ್ವಿಸ್ ಸೆಂಟರಿಗೆ ತಲುಪಿಸಿ. ವಿಡಿಯೊ ಚಿಂತೆ ಆಮೇಲಿನದು.

ಲಕ್ಷಣ: ಆನ್ ಮಾಡಿದ ಕ್ಷಣದಿಂದಲೇ ಎಲ್ಲವೂ ಅತಿ ನಿಧಾನ, ತಾಪ ಮಾತ್ರ ಸರಿಯಿದೆ

ಟಾಸ್ಕ್ ಮ್ಯಾನೇಜರಿನಲ್ಲಿ ವೇಗ 0.79 ಗಿಗಾಹರ್ಟ್ಸ್‌ನಲ್ಲೇ ಅಂಟಿಕೊಂಡಿದ್ದರೆ ಚಾರ್ಜರನ್ನು ಕಿತ್ತು, ಬ್ಯಾಟರಿಯಲ್ಲಿ ಓಡಿಸಿ ನೋಡಿ. ಕೆಲವು ತಯಾರಕರ ಲ್ಯಾಪ್‌ಟಾಪುಗಳು ಚಾರ್ಜರಿನ ನಡುಕಡ್ಡಿಯ ಮೂಲಕ ಅದರ ಗುರುತು ಓದುತ್ತವೆ. ಗುರುತು ಸಿಗದಿದ್ದರೆ ಬ್ಯಾಟರಿ ತುಂಬಿಸುವುದನ್ನು ನಿಲ್ಲಿಸಿ ಪ್ರೊಸೆಸರಿನ ವೇಗವನ್ನೂ ಕಟ್ಟಿಹಾಕುತ್ತವೆ. ತಂತಿ ಮುರಿದ ಚಾರ್ಜರಿನಲ್ಲೂ ಅಗ್ಗದ ನಕಲಿಯಲ್ಲೂ ಇದು ಸಾಮಾನ್ಯ. ಸರಿಯಾದ ವ್ಯಾಟ್‌ನ ಅಸಲಿ ಚಾರ್ಜರ್ ಪರಿಚಿತರಿಂದ ಎರವಲು ತಂದು ಪರೀಕ್ಷಿಸಿದರೆ ಮದರ್‌ಬೋರ್ಡ್ ರಿಪೇರಿಯ ಅನಗತ್ಯ ಖರ್ಚು ಉಳಿಯಬಹುದು. ಪವರ್ ಆಪ್ಷನ್ಸ್‌ನಲ್ಲಿ ‘ಪವರ್ ಸೇವರ್’ ಆಯ್ಕೆಯಾಗಿದ್ದರೂ ವೇಗ ಕುಗ್ಗುತ್ತದೆ. ಅದನ್ನು ‘ಬ್ಯಾಲೆನ್ಸ್ಡ್’ ಮಾಡಿ.

ಲಕ್ಷಣ: ಆಗಾಗ ಇಡೀ ಕಂಪ್ಯೂಟರೇ ಕೆಲವು ಸೆಕೆಂಡು ಸ್ತಬ್ಧವಾಗುತ್ತದೆ

ಹಾರ್ಡ್ ಡಿಸ್ಕಿನ ದೀಪ ಒಂದೇ ಸಮನೆ ಉರಿಯುತ್ತಾ, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪ್ರತಿಶತ ತೋರಿಸುತ್ತಿದ್ದರೆ ಎರಡು ಸಾಧ್ಯತೆಗಳು. ಮೆಮೊರಿಯೂ 90 ಪ್ರತಿಶತ ದಾಟಿದ್ದರೆ ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸುತ್ತಿದೆ. ಟ್ಯಾಬ್‌ಗಳನ್ನು ಮುಚ್ಚಿದರೆ ತಕ್ಷಣ ಹಗುರಾಗುತ್ತದೆ. ಮೆಮೊರಿ ಖಾಲಿಯಿದ್ದೂ ಡಿಸ್ಕ್ 100 ಪ್ರತಿಶತದಲ್ಲೇ ಇದ್ದರೆ ಅದರ ಆರೋಗ್ಯ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದರೆ ಡಿಸ್ಕ್ ತಾನೇ ಬರೆದಿಟ್ಟುಕೊಂಡ ದಾಖಲೆ ಕಾಣುತ್ತದೆ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದು, ಅದರಲ್ಲೂ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ, ಓದಲಾಗದ ಜಾಗಗಳನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತಿದೆ. ಆ ಹೆಣಗಾಟವೇ ನಿಮ್ಮ ಕಣ್ಣಿಗೆ ಸ್ತಬ್ಧತೆಯಾಗಿ ಕಾಣುತ್ತಿದೆ.

ಆಗ ವಿಡಿಯೊ ಸರಿಪಡಿಸುವ ಕೆಲಸವನ್ನು ಬಿಟ್ಟು ಫೋಟೊ, ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಡಿಫ್ರ್ಯಾಗ್ (ಚದುರಿದ ಫೈಲುಗಳನ್ನು ಒಟ್ಟುಗೂಡಿಸುವ ಕೆಲಸ) ಮಾಡುವುದು, ಕೆಟ್ಟ ಸೆಕ್ಟರು ಹುಡುಕುವ ದೀರ್ಘ ಪರೀಕ್ಷೆ ಓಡಿಸುವುದು ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ದಣಿಸುತ್ತದೆ. ಟಕ್ ಟಕ್ ಎಂಬ ಲಯದ ಸದ್ದು ಕೇಳಿದರೆ ಕೂಡಲೇ ಆಫ್ ಮಾಡಿ. ಒಳಗಿರುವುದು ಬೆಲೆಬಾಳುವಂಥದ್ದಾದರೆ ಡೇಟಾ ರಿಕವರಿ ತಜ್ಞರ ಬಳಿಗೇ ಒಯ್ಯಬೇಕು.

ಲಕ್ಷಣ: ಚಿತ್ರ ಸರಿ, ಧ್ವನಿ ಚಿಟಪಟ ಎನ್ನುತ್ತದೆ

ಇದು ಸಾಮಾನ್ಯವಾಗಿ ಯಾವುದೋ ಒಂದು ಡ್ರೈವರ್ ಪ್ರೊಸೆಸರನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುವುದರಿಂದ ಆಗುತ್ತದೆ. ಹೆಚ್ಚು ಬಾರಿ ವೈಫೈ ಡ್ರೈವರೇ ಅಪರಾಧಿ. ಒಂದು ಫೈಲನ್ನು ಓಡಿಸುತ್ತಾ ವೈಫೈ ಆಫ್ ಮಾಡಿ. ಚಿಟಪಟ ನಿಂತರೆ ಆ ಡ್ರೈವರ್ ಬದಲಿಸಿ. ಲೇಟೆನ್ಸಿಮಾನ್ ಎಂಬ ತಂತ್ರಾಂಶ ತಡಮಾಡುವ ಡ್ರೈವರಿನ ಹೆಸರನ್ನೇ ತೋರಿಸುತ್ತದೆ.

ಲಕ್ಷಣ: ಟಿವಿಗೆ ಜೋಡಿಸಿದಾಗ ಮಾತ್ರ ತಡವರಿಸುತ್ತದೆ

ಎಚ್‌ಡಿಎಂಐ 1.4 ಇರುವ ಲ್ಯಾಪ್‌ಟಾಪು 4ಕೆ ಟಿವಿಗೆ ಸೆಕೆಂಡಿಗೆ 30 ಚಿತ್ರ ಮಾತ್ರ ಕಳುಹಿಸಬಲ್ಲದು; ಆಗ ಮೌಸಿನ ಬಾಣವೂ ಕುಪ್ಪಳಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ 1920×1080, ರಿಫ್ರೆಶ್ ರೇಟ್ 60 ಹರ್ಟ್ಸ್ ಮಾಡಿ. ಸಿನಿಮಾಗಳಲ್ಲಿ ಕ್ಯಾಮೆರಾ ನಿಧಾನವಾಗಿ ಬದಿಗೆ ತಿರುಗುವಾಗ ಕಾಣುವ ಸಣ್ಣ ನಡುಕ ದೋಷವಲ್ಲ: ಸೆಕೆಂಡಿಗೆ 24 ಚಿತ್ರಗಳು 60 ಹರ್ಟ್ಸ್ ಪರದೆಗೆ ಸಮವಾಗಿ ಹೊಂದದೆ ಒಂದು ಚಿತ್ರ ಎರಡು ಬಾರಿ, ಮುಂದಿನದು ಮೂರು ಬಾರಿ ತೋರುತ್ತದೆ. ಹೊಚ್ಚ ಹೊಸ ಕಂಪ್ಯೂಟರಿನಲ್ಲೂ ಇದು ಇರುತ್ತದೆ.

ಹಣ ಖರ್ಚು ಮಾಡುವುದೇ ಆದರೆ

ಮೊದಲ ಹಣ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿಗೆ ಹೋಗಲಿ; ಸ್ತಬ್ಧತೆಯ ದೋಷಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಕೋಡೆಕ್ಕಿನ ದೋಷವನ್ನು ಎಸ್‌ಎಸ್‌ಡಿ ಸರಿಪಡಿಸುವುದಿಲ್ಲ ಎಂಬುದು ನೆನಪಿರಲಿ. ಅಂಗಡಿಯವರು ಹಾಗೆ ಹೇಳಿದರೆ ನಂಬಬೇಡಿ. ಎರಡನೆಯದು ರ‍್ಯಾಮ್: 4 ಜಿಬಿಯ ಪಕ್ಕದಲ್ಲಿ ಇನ್ನೊಂದು 4 ಜಿಬಿ ಹಾಕಿದರೆ ಎರಡೂ ಜೋಡಿಯಾಗಿ ಕೆಲಸ ಮಾಡಿ, ರ‍್ಯಾಮನ್ನೇ ಹಂಚಿಕೊಳ್ಳುವ ಒಳಗ್ರಾಫಿಕ್ಸಿಗೂ ಸಹಾಯವಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ರ‍್ಯಾಮ್ ಅಗ್ಗವಾಗಿ ಸಿಗುತ್ತದೆ. ಹಳೆಯ ರ‍್ಯಾಮನ್ನು ಕೈಯಲ್ಲೇ ಒಯ್ಯಿರಿ. 1.35 ವೋಲ್ಟಿನ ಡಿಡಿಆರ್3ಎಲ್ ಬೇಡುವ ಲ್ಯಾಪ್‌ಟಾಪಿಗೆ 1.5 ವೋಲ್ಟಿನ ಡಿಡಿಆರ್3 ಕೊಟ್ಟರೆ ಅದು ಆನ್ ಆಗದಿರಬಹುದು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ಈ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸಿಗೆ ಬದಲಾಗಿ ಹಾಕಬಹುದಾದ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಲಿನಕ್ಸಿನಲ್ಲಿ ಫೈರ್‌ಫಾಕ್ಸ್ 2023ರ 115ನೇ ಆವೃತ್ತಿಯಿಂದ ಇಂಟೆಲ್ ಗ್ರಾಫಿಕ್ಸಿನ ಮೂಲಕ ವಿಡಿಯೊ ಬಿಡಿಸುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವಿನಿಂದ ಎದ್ದ ಫೈರ್‌ಫಾಕ್ಸಿನಲ್ಲೇ ಯೂಟ್ಯೂಬ್ ತೆರೆದು, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಫಲಕದಲ್ಲಿ ಬೀಳುವ ಫ್ರೇಮುಗಳ ಲೆಕ್ಕವನ್ನು ವಿಂಡೋಸಿನದರೊಂದಿಗೆ ಹೋಲಿಸಿ, ಆಮೇಲೆ ತೀರ್ಮಾನಿಸಿ.